ಕಾರಿನ ನಂಬರ್ ಕೈಗೆ ಸಿಗುವ ತನಕ ಕೊಳ್ಳಬೇಡಿ: ಯುರೋಪಿನ ಹೆದ್ದಾರಿ ಪಾಸ್ ಮಾರುವ ತಾಣಗಳ ವಿಮರ್ಶೆ

ಮಗ ಮ್ಯೂನಿಕ್‌ನಲ್ಲೋ ಮಗಳು ಜ್ಯೂರಿಕ್‌ನಲ್ಲೋ ಇರುವ ಮನೆಗಳು ಈಗ ಶಿವಮೊಗ್ಗದ ವಿನೋಬನಗರದಲ್ಲಷ್ಟೇ ಅಲ್ಲ, ಹೊಸನಗರ, ಕೊಪ್ಪದ ಒಳಗಿನ ಹಳ್ಳಿಗಳಲ್ಲೂ ಇವೆ. ಬೇಸಿಗೆಯಲ್ಲಿ ಅಲ್ಲಿಗೆ ಹೊರಟವರು ವೀಸಾ, ವಿಮಾನ, ಹೋಟೆಲು, ಬಾಡಿಗೆ ಕಾರು ಎಲ್ಲವನ್ನೂ ತಿಂಗಳುಗಟ್ಟಲೆ ಮುಂಚೆ ಮುಗಿಸಿ, ಅದೇ ಓಘದಲ್ಲಿ ಹೆದ್ದಾರಿ ಪಾಸನ್ನೂ ಕೊಂಡುಬಿಡುತ್ತಾರೆ. ಉಳಿದದ್ದೆಲ್ಲ ಮುಂಚೆ ಮಾಡಿದಷ್ಟೂ ಅಗ್ಗ. ಪಾಸ್ ಮಾತ್ರ ಹಾಗಲ್ಲ. ಅದರ ದರ ಸರ್ಕಾರ ಗೊತ್ತುಮಾಡಿದ್ದು, ಆರು ತಿಂಗಳು ಮುಂಚೆ ಕೊಂಡರೂ ಒಂದೇ, ಗಡಿಗೆ ಅರ್ಧ ಗಂಟೆ ಇರುವಾಗ ಕೊಂಡರೂ ಒಂದೇ. ಆದರೆ ತಪ್ಪು ನಂಬರಿಗೆ ಕೊಂಡರೆ ಕೊಟ್ಟ ದುಡ್ಡು ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ.

ಯಾಕೆ ಹೀಗೆ ಅನ್ನುವುದು ಸ್ಪಷ್ಟವಾದರೆ ಮುಂದಿನದೆಲ್ಲ ಸಲೀಸು. ನಮ್ಮ ಫಾಸ್ಟ್ಯಾಗ್ ಗಾಜಿಗೆ ಅಂಟಿಸಿದ ಚೀಟಿ. ಗೇಟಿನ ಯಂತ್ರ ಅದನ್ನು ಓದುತ್ತದೆ, ದಾಟಿದ ಪ್ಲಾಜಾಕ್ಕೆ ಇಷ್ಟು ಎಂದು ಖಾತೆಯಿಂದ ಕಡಿಯುತ್ತದೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಜೆಕ್ ಗಣರಾಜ್ಯ, ಸ್ಲೊವಾಕಿಯಾ, ಹಂಗೇರಿ, ಸ್ಲೊವೇನಿಯಾಗಳ ಮಾಮೂಲಿ ಹೆದ್ದಾರಿಗಳಲ್ಲಿ ಕಾರುಗಳಿಗೆ ಗೇಟೇ ಇಲ್ಲ. ಅಲ್ಲಿ ದುಡ್ಡು ಓಡಿದ ದೂರಕ್ಕಲ್ಲ, ರಸ್ತೆಯ ಮೇಲಿರುವ ದಿನಗಳಿಗೆ. ಡಿಜಿಟಲ್ ಪಾಸ್ ಅಂದರೆ ಸರ್ಕಾರದ ಪಟ್ಟಿಯಲ್ಲಿ ನಿಮ್ಮ ಕಾರಿನ ನಂಬರಿನ ಎದುರು ಒಂದು ತಾರೀಖು, ಅಷ್ಟೇ. ಕ್ಯಾಮೆರಾ ನಂಬರ್ ಓದುತ್ತದೆ, ಆ ಪಟ್ಟಿಯಲ್ಲಿ ಹುಡುಕುತ್ತದೆ. ಯಾರು ಕೊಂಡರು, ಯಾರ ಕಾರ್ಡಿನಿಂದ ಕೊಂಡರು, ಯಾರು ಓಡಿಸುತ್ತಿದ್ದಾರೆ, ಇದ್ಯಾವುದೂ ಅದಕ್ಕೆ ಬೇಡ.

ಬಾಡಿಗೆ ಕಾರಿನವರು ಮುಂಗಡದ ಚೀಟಿಯಲ್ಲಿ ಕಾರಿನ ದರ್ಜೆ ಬರೆಯುತ್ತಾರೆಯೇ ಹೊರತು ನಂಬರ್ ಬರೆಯುವುದಿಲ್ಲ. ನಂಬರ್ ಗೊತ್ತಾಗುವುದು ಕೌಂಟರಿನಲ್ಲಿ ಕೀಲಿ ಕೈಗೆ ಬಂದಾಗ. ಹಾಗಾಗಿ ಶಿವಮೊಗ್ಗದಲ್ಲಿ ಕೂತು ಮಾಡಿಕೊಳ್ಳಬೇಕಾದದ್ದು ತಯಾರಿ ಮಾತ್ರ: ಯಾವ ದೇಶ, ಎಷ್ಟು ದಿನ, ಯಾವ ತಾಣ, ಯಾವ ಕಾರ್ಡು. ಕೊಳ್ಳುವುದು ಅಲ್ಲಿ, ಪಾರ್ಕಿಂಗ್‌ನಲ್ಲಿ, ಪ್ಲೇಟಿನ ಎದುರು ನಿಂತು. ಐದು ನಿಮಿಷದ ಕೆಲಸ. ಮಗನ ಸ್ವಂತ ಕಾರಿನಲ್ಲಿ ಹೋಗುವುದಾದರೆ ಈ ತಾಪತ್ರಯ ಇಲ್ಲ, ನಂಬರ್ ಇವತ್ತೇ ಗೊತ್ತು, ಇವತ್ತೇ ಕೊಳ್ಳಬಹುದು.

ಎಲ್ಲಿ ಬೇಕು, ಎಲ್ಲಿ ಬೇಡ

ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಶುಲ್ಕ ಇಲ್ಲ. ಲಿಚ್ಟೆನ್‌ಸ್ಟೈನ್‌ನಲ್ಲಿ ಹೆದ್ದಾರಿಯೇ ಇಲ್ಲ. ಇಟಲಿ, ಫ್ರಾನ್ಸ್‌ಗಳದು ದೂರದ ಲೆಕ್ಕ, ಅವುಗಳ ಮಾತು ಕೊನೆಯಲ್ಲಿ. ಬಾಡಿಗೆ ಕಾರು ಆಸ್ಟ್ರಿಯಾದಲ್ಲಿ ನೋಂದಣಿಯಾದದ್ದಾದರೆ ಸಾಮಾನ್ಯವಾಗಿ ಆಸ್ಟ್ರಿಯಾದ ಪಾಸ್ ಅದಕ್ಕೆ ಇದ್ದೇ ಇರುತ್ತದೆ, ಸ್ವಿಸ್ ಕಾರಿಗೆ ಸ್ವಿಸ್ ಪಾಸ್. ಗೊಂದಲ ಆಗುವುದು ಒಂದು ದೇಶದಲ್ಲಿ ಹತ್ತಿ ಇನ್ನೊಂದಕ್ಕೆ ದಾಟುವಾಗ. ಬಾಸೆಲ್ ಮತ್ತು ಜಿನೀವಾ ವಿಮಾನ ನಿಲ್ದಾಣಗಳಲ್ಲಿ ಸ್ವಿಸ್ ಬದಿ, ಫ್ರೆಂಚ್ ಬದಿ ಎಂದು ಎರಡಿವೆ. ಫ್ರೆಂಚ್ ಬದಿಯ ಕೌಂಟರಿನ ಕಾರು ಬಾಡಿಗೆ ಅಗ್ಗ ಎಂದು ಹಿಡಿದವರಿಗೆ ಸ್ವಿಸ್ ಪಾಸ್ ಇಲ್ಲದ ಕಾರು ಸಿಗುತ್ತದೆ. ಬುಕ್ ಮಾಡುವಾಗಲೇ ಇದನ್ನು ನೋಡಿಕೊಳ್ಳಿ.

ಆಸ್ಟ್ರಿಯಾ: ಆಸ್ಫಿನಾಗ್

ತಾಣ: ಶಾಪ್ ಡಾಟ್ ಆಸ್ಫಿನಾಗ್ ಡಾಟ್ ಎಟಿ. ಆಸ್ಫಿನಾಗ್ ಅಲ್ಲಿನ ಸರ್ಕಾರಿ ಹೆದ್ದಾರಿ ಕಂಪನಿ. ಈ ಸಾಲಿನಲ್ಲಿ ನಾವು ಮೊದಲ ಸ್ಥಾನ ಕೊಡುವ ತಾಣ ಇದು. ಇಂಗ್ಲಿಷ್‌ನಲ್ಲಿದೆ, ಫೋನಿನಲ್ಲೂ ಆಪ್‌ನಲ್ಲೂ ಚೆನ್ನಾಗಿ ನಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ನಂಬರಿಗೆ ಪಾಸ್ ಚಾಲ್ತಿಯಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದಾದ ಪುಟ ಇದೆ. ಬಾಡಿಗೆ ಕಾರಿನವರಿಗೆ ಇದು ಬಹಳ ದೊಡ್ಡ ಅನುಕೂಲ. ಮ್ಯೂನಿಕ್‌ನಲ್ಲಿ ಹತ್ತಿದ ಕಾರಿಗೆ ಹಿಂದಿನ ಗಿರಾಕಿ ಕೊಂಡ ಪಾಸೋ, ಕಂಪನಿಯೇ ಹಾಕಿಸಿದ ವಾರ್ಷಿಕ ಪಾಸೋ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಕೊಳ್ಳುವ ಮುಂಚೆ ಮೊದಲು ಅಲ್ಲಿ ನಂಬರ್ ಹಾಕಿ ನೋಡಿ. ಕೌಂಟರಿನವರ ಬಾಯಿಮಾತನ್ನು ನೆಚ್ಚಿಕೊಳ್ಳುವುದಕ್ಕಿಂತ ಇದು ಗಟ್ಟಿ.

ನಾಲ್ಕು ಬಗೆ ಇವೆ: 1 ದಿನ, 10 ದಿನ, 2 ತಿಂಗಳು, 1 ವರ್ಷ. ಹತ್ತು ದಿನದ್ದು 2025ರಲ್ಲಿ 12.40 ಯೂರೋ ಇತ್ತು, 2026ಕ್ಕೆ 12.80. ಒಂದು ದಿನದ್ದು 9.30 ಇದ್ದದ್ದು 9.60 ಆಗಿದೆ. ಅಂತರ ಮೂರು ಯೂರೋ ಚಿಲ್ಲರೆ ಅಷ್ಟೇ. ಹೋಗುವ ದಿನ ಒಂದು, ಬರುವ ದಿನ ಇನ್ನೊಂದು ಅಂದಮೇಲೆ ಒಂದು ದಿನದ ಪಾಸ್ ಎರಡು ಕೊಳ್ಳುವುದು ಶುದ್ಧ ನಷ್ಟ, ಹತ್ತು ದಿನದ್ದೇ ಸರಿ. ಇನ್ನೊಂದು ಮಾತು: ಒಂದು ದಿನ ಅಂದರೆ 24 ಗಂಟೆಯಲ್ಲ, ಆ ತಾರೀಖಿನ ಮಧ್ಯರಾತ್ರಿಯವರೆಗೆ. ಸಂಜೆ ಆರಕ್ಕೆ ಕೊಂಡರೆ ಸಿಗುವುದು ಆರು ಗಂಟೆ.

ಎರಡು ತಿಂಗಳ ಮತ್ತು ವಾರ್ಷಿಕ ಪಾಸ್‌ಗಳಲ್ಲಿ ಒಂದು ಗಂಟಿದೆ. ಆನ್‌ಲೈನಿನಲ್ಲಿ ಕೊಂಡ ಖಾಸಗಿ ಗ್ರಾಹಕರಿಗೆ ಅವು 18ನೇ ದಿನದಿಂದ ಚಾಲ್ತಿಗೆ ಬರುವಂಥವು. ಕೊಂಡದ್ದನ್ನು 14 ದಿನದೊಳಗೆ ವಾಪಸ್ ಮಾಡುವ ಹಕ್ಕು ಯುರೋಪಿನ ಗ್ರಾಹಕರಿಗಿದೆ, ಅದರ ಮೇಲೆ ಅಂಚೆಯ ಲೆಕ್ಕಕ್ಕೆ ಮೂರು ದಿನ. ಆ ಅವಧಿ ಮುಗಿಯಲಿ ಎಂದು ಈ ಕಾಯುವಿಕೆ. ಮಕ್ಕಳ ಜೊತೆ ಎರಡು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರು ಉದ್ದದ ಪಾಸ್ ಬೇಕೆಂದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. 1 ದಿನ, 10 ದಿನದವುಗಳಿಗೆ ಈ ಕಾಯುವಿಕೆ ಇಲ್ಲ, ಕೊಂಡ ಕೂಡಲೇ ಓಡಿಸಬಹುದು.

ಎಷ್ಟೋ ಸಲ ಪಾಸೇ ಬೇಕಿರುವುದಿಲ್ಲ, ಇದನ್ನು ಮಾತ್ರ ಯಾವ ಮಾರಾಟದ ತಾಣವೂ ಎದ್ದು ಕಾಣುವ ಹಾಗೆ ಹೇಳುವುದಿಲ್ಲ. 2019ರ ಡಿಸೆಂಬರ್ 15ರಿಂದ ಗಡಿಯ ಕೆಲವು ತುಂಡುಗಳಿಗೆ ವಿನಾಯಿತಿ ಇದೆ: ಎ1ರಲ್ಲಿ ವಾಲ್ಸರ್‌ಬರ್ಗ್ ಗಡಿಯಿಂದ ಸಾಲ್ಸ್‌ಬುರ್ಗ್ ನಾರ್ಡ್‌ವರೆಗೆ, ಎ12ರಲ್ಲಿ ಗಡಿಯಿಂದ ಕುಫ್‌ಸ್ಟೈನ್ ಸ್ಯೂಡ್‌ವರೆಗೆ, ಎ14ರಲ್ಲಿ ಹೋರ್‌ಬ್ರಾನ್ಸ್‌ನಿಂದ ಹೋಹೆನೆಮ್ಸ್‌ವರೆಗೆ. ಅಂದರೆ ಮ್ಯೂನಿಕ್‌ನಿಂದ ಸಾಲ್ಸ್‌ಬುರ್ಗ್ ಊರು ನೋಡಿ ವಾಪಸ್ ಬರುವವರಿಗೆ ಪಾಸ್ ಬೇಡ. ಅಲ್ಲಿಂದ ಎಲ್ಲರೂ ಹೋಗುವ ಹಾಲ್‌ಷ್ಟಾಟ್‌ಗೂ ಬಿ158ರಲ್ಲಿ ಸೇಂಟ್ ಗಿಲ್ಗೆನ್, ಬಾಡ್ ಇಷ್ಲ್ ಮೇಲೆ ಹೋದರೆ ಹೆದ್ದಾರಿ ಹತ್ತುವ ಪ್ರಮೇಯವೇ ಬರುವುದಿಲ್ಲ. ಕೆರೆಯ ದಂಡೆಗೇ ಸಾಗುವ ರಸ್ತೆ ಅದು, ನೋಡಲಿಕ್ಕೂ ಹೆದ್ದಾರಿಗಿಂತ ಎಷ್ಟೋ ಮೇಲು. ಲಿಂಡಾವ್ ಕಡೆಯಿಂದ ಸ್ವಿಟ್ಜರ್ಲೆಂಡಿಗೆ ದಾಟುವವರೂ ಹೋಹೆನೆಮ್ಸ್‌ನಲ್ಲಿ ಇಳಿದುಬಿಟ್ಟರೆ ಆಸ್ಟ್ರಿಯಾದ ಪಾಸ್ ಇಲ್ಲದೆ ನಡೆಯುತ್ತದೆ. ಆಚೆ ದಡದಲ್ಲಿ ಸ್ವಿಸ್ ಹೆದ್ದಾರಿಗೆ ಮಾತ್ರ ಪಾಸ್ ಬೇಕೇ ಬೇಕು.

ಇನ್ನು ಪಾಸ್ ಇದ್ದರೂ ಸಾಲದ ಜಾಗಗಳಿವೆ. ಇನ್ಸ್‌ಬ್ರುಕ್‌ನಿಂದ ಇಟಲಿಗೆ ಹೋಗುವ ಎ13 ಬ್ರೆನ್ನರ್, ಎ10 ಟವರ್ನ್, ಎಸ್16 ಆರ್ಲ್‌ಬರ್ಗ್, ಎ11ರ ಕರವಾಂಕೆನ್ ಸುರಂಗ, ಎ9ರ ಎರಡು ಸುರಂಗ ವಿಭಾಗಗಳು, ಇವಕ್ಕೆ ಪ್ರತ್ಯೇಕ ಶುಲ್ಕ. ಬ್ರೆನ್ನರ್ ದಾಟಲು ಹತ್ತು ಯೂರೋಗಿಂತ ಚೂರು ಹೆಚ್ಚು. ಆ ತುಂಡಿನ ಮೇಲೆ ಮಾಮೂಲಿ ಪಾಸ್ ಬೇಡ, ಆದರೆ ಅಲ್ಲಿಗೆ ತಲುಪಿಸುವ ಎ12ಕ್ಕೆ ಬೇಕು. ಹಾಗಾಗಿ ಮ್ಯೂನಿಕ್‌ನಿಂದ ವೆರೋನಾಕ್ಕೆ ಹೋಗುವವರು ಎರಡನ್ನೂ ಕೊಳ್ಳಬೇಕಾಗುತ್ತದೆ. ಅದೇ ಆಸ್ಫಿನಾಗ್ ತಾಣದಲ್ಲಿ ಎರಡೂ ಸಿಗುತ್ತವೆ. ಪ್ರತ್ಯೇಕ ಶುಲ್ಕವನ್ನು ಗೇಟಿನಲ್ಲೂ ಕಟ್ಟಬಹುದು, ಜುಲೈ ಆಗಸ್ಟ್ ಶನಿವಾರಗಳ ಸಾಲಿನಲ್ಲಿ ನಿಲ್ಲಲು ಮನಸ್ಸಿಲ್ಲದವರು ಮೊದಲೇ ನಂಬರಿಗೆ ಕೊಂಡಿಟ್ಟುಕೊಳ್ಳುತ್ತಾರೆ.

ಘಾಟಿ ರಸ್ತೆ ಕಂಡರೆ ಸುಮ್ಮನಿರಲಾಗದ ನಮ್ಮ ಕಡೆಯವರಿಗೆ ಒಂದು ಮಾತು. ಗ್ರೋಸ್‌ಗ್ಲಾಕ್ನರ್ ರಸ್ತೆಯೂ ಈ ಪಾಸಿಗೆ ಸೇರಿದ್ದಲ್ಲ. ಅದರ ದಿನದ ಟಿಕೆಟ್ಟೇ 40 ಯೂರೋ ದಾಟುತ್ತದೆ. 48 ಕಿಲೋಮೀಟರ್, 36 ಹೇರ್‌ಪಿನ್ ತಿರುವು, ತೆರೆದಿರುವುದು ಸುಮಾರು ಮೇ ತಿಂಗಳಿಂದ ನವೆಂಬರ್ ಮೊದಲ ಭಾಗದವರೆಗೆ. ಆಗುಂಬೆಯ ತಿರುವುಗಳಲ್ಲಿ ಸ್ಟೀರಿಂಗ್ ಹಿಡಿದು ಪಳಗಿದವರು ಆ ದುಡ್ಡು ಕೊಟ್ಟು ಹೋಗಲೇಬೇಕು. ದುಬಾರಿ ಎಂದು ಬಿಟ್ಟು ಬರುವ ಜಾಗ ಅದಲ್ಲ.

ಸ್ವಿಟ್ಜರ್ಲೆಂಡ್: ವಯಾ

ತಾಣ: ವಯಾ ಡಾಟ್ ಅಡ್ಮಿನ್ ಡಾಟ್ ಸಿಎಚ್. ಸ್ವಿಸ್ ಕಸ್ಟಮ್ಸ್ ಇಲಾಖೆಯದು. 2023ರ ಆಗಸ್ಟ್ 1ರವರೆಗೆ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಮಾತ್ರ ಇತ್ತು, ಅಂದಿನಿಂದ ಡಿಜಿಟಲ್ ಪಾಸೂ ಸೇರಿತು. ಎರಡೂ ಈಗ ಸಿಗುತ್ತವೆ, ಯಾವುದಾದರೂ ಒಂದು ಸಾಕು. ಖಾತೆ ತೆರೆಯುವ ರಗಳೆ ಇಲ್ಲ. ವಾಹನದ ಬಗೆ, ನೋಂದಣಿಯಾದ ದೇಶ, ನಂಬರ್, ಕಾರ್ಡು, ಮುಗಿಯಿತು. ಕೊಂಡ ಕೂಡಲೇ ಚಾಲ್ತಿ. ಸರಳತೆಯಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ.

ಬೇಸರ ಒಂದೇ. ಇಲ್ಲಿ ಸಿಗುವುದು ವಾರ್ಷಿಕ ಪಾಸ್ ಮಾತ್ರ, 40 ಫ್ರಾಂಕ್. ನಮ್ಮ ದುಡ್ಡಿನಲ್ಲಿ ನಾಲ್ಕು ಸಾವಿರ ದಾಟುತ್ತದೆ. ಒಂದೇ ದಿನ ಲುಗಾನೋ ನೋಡಿ ಬರುತ್ತೇವೆ ಅಂದರೂ ಅಷ್ಟೇ. ದರ 1995ರಿಂದ ಏರಿಲ್ಲ ಎನ್ನುವುದು ಅಲ್ಲಿನವರಿಗೆ ಸಮಾಧಾನ, ಒಂದು ದಿನಕ್ಕೆ ಬಂದವರಿಗಲ್ಲ. ಮಿಲಾನ್‌ನಿಂದ ಒಂದು ದಿನದ ಮಟ್ಟಿಗೆ ಹೋಗಿಬರುವವರಿಗೆ ರೈಲೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಪಾಸಿನ ಅವಧಿ ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರವರೆಗೆ, 14 ತಿಂಗಳು. ಡಿಸೆಂಬರ್ ರಜೆಗೆ ಹೋಗುವವರು ತಾಣದಲ್ಲಿ ಯಾವ ವರ್ಷದ್ದು ಆರಿಸುತ್ತಿದ್ದೇವೆ ಎಂದು ಕಣ್ಣಿಟ್ಟು ನೋಡಬೇಕು. ಹೊಸ ವರ್ಷದ್ದು ತೆಗೆದುಕೊಂಡರೆ ಅದೇ ದುಡ್ಡಿಗೆ ಇನ್ನೂ 13 ತಿಂಗಳು ಉಳಿಯುತ್ತದೆ, ಮಗಳ ಕಾರಾದರೆ ಅವಳಿಗೂ ಆಯಿತು.

ಗೊಟ್ಟಾರ್ಡ್ ಮತ್ತು ಸ್ಯಾನ್ ಬರ್ನಾರ್ಡಿನೋ ಸುರಂಗಗಳು ಇದರಲ್ಲೇ ಸೇರಿವೆ. ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗಕ್ಕೂ ಕಾರನ್ನು ಹೊತ್ತೊಯ್ಯುವ ಫುರ್ಕಾ, ಲಾಟ್ಷ್‌ಬರ್ಗ್ ರೈಲುಗಳಿಗೂ ಬೇರೆ ಟಿಕೆಟ್. ಪಾಸಿಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಜೊತೆಗೆ ಪಾಸಿನ 40. ಅಲ್ಲಿ ಹೆದ್ದಾರಿಯ ಫಲಕ ಹಸಿರು, ಮುಖ್ಯರಸ್ತೆಯದು ನೀಲಿ. ಜರ್ಮನಿ, ಆಸ್ಟ್ರಿಯಾದಲ್ಲಿ ಹೆದ್ದಾರಿಗೇ ನೀಲಿ. ಅಲ್ಲಿಂದ ದಾಟಿ ಬಂದವರ ಕಣ್ಣು ಇಲ್ಲಿ ತಡವರಿಸುವುದು ಸಹಜ. ಕೊಳ್ಳುವಾಗ ನಂಬರನ್ನು ಎಲ್ಲರಿಗೂ ಕಾಣುವಂತೆ ಇಡಬೇಕೇ ಎಂದು ತಾಣ ಕೇಳುತ್ತದೆ. ಹೌದು ಅನ್ನಿ. ಆಮೇಲೆ ಪಾಸ್ ಇದೆಯೆಂದು ಬಾಡಿಗೆ ಕಂಪನಿಯೂ ನೀವೂ ನೋಡಿಕೊಳ್ಳಬಹುದು.

ಸ್ಲೊವೇನಿಯಾ, ಹಂಗೇರಿ, ಜೆಕ್

ಬ್ಲೆಡ್ ಕೆರೆಯ ಆಸೆಗೆ ಸ್ಲೊವೇನಿಯಾಕ್ಕೆ ಹೋಗುವವರು ಕೊಳ್ಳಬೇಕಾದ್ದು ಇವಿನ್ಯೆತಾ ಡಾಟ್ ದಾರ್ಸ್ ಡಾಟ್ ಎಸ್‌ಐನಲ್ಲಿ. 2022ರಿಂದ ಅಲ್ಲಿ ಸ್ಟಿಕ್ಕರ್ ಹೋಗಿ ಎಲ್ಲ ಡಿಜಿಟಲ್. ಅತಿ ಚಿಕ್ಕದು 7 ದಿನದ್ದು, 2025ರಲ್ಲಿ ಕಾರಿಗೆ 16 ಯೂರೋ. ಇಲ್ಲಿ ಜನ ಎಡವುವುದು ವಾಹನದ ವರ್ಗದಲ್ಲಿ. 2ಎ, 2ಬಿ ಎಂದು ಎರಡಿವೆ. ಮುಂದಿನ ಅಚ್ಚಿನ ನೇರ ಮೇಲೆ ವಾಹನದ ಎತ್ತರ 1.30 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 2ಬಿ, ದರ ದುಪ್ಪಟ್ಟು. ಎರಡು ಮನೆಯವರು ಸೇರಿ ದೊಡ್ಡ ವ್ಯಾನ್ ಹಿಡಿದಾಗ ಇದನ್ನು ನೋಡದೆ ಅಗ್ಗದ್ದನ್ನು ಒತ್ತಿಬಿಟ್ಟರೆ ಪಾಸ್ ಇದ್ದೂ ಇಲ್ಲದಂತೆ. ದಂಡ 300 ಯೂರೋದಿಂದ ಶುರು. ಟೇಪು ಬೇಕಿಲ್ಲ, ಬಾನೆಟ್ಟಿನ ಮೇಲೆ ಮುಂದಿನ ಚಕ್ರದ ನೇರಕ್ಕೆ ನಿಮ್ಮ ಎದೆಯ ಎತ್ತರ ಬಂದರೆ ಅನುಮಾನಿಸಿ, ಆಮೇಲೆ ಬಾಡಿಗೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಆಸ್ಟ್ರಿಯಾದಿಂದ ಕರವಾಂಕೆನ್ ಸುರಂಗದ ಮೂಲಕ ಬಂದರೆ ಸುರಂಗದ ದುಡ್ಡು ಬೇರೆ. ಸುರಂಗ ಬೇಡ ಎಂದರೆ ವುರ್ಜೆನ್ ಘಾಟಿ ಇದೆ, ಶೇಕಡಾ 18ರಷ್ಟು ಏರು. ತುಂಬಿದ ಕಾರಿನಲ್ಲಿ ಹೋಗುವವರು ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಕೂರದೆ ಕಡಿಮೆ ಗೇರಿನಲ್ಲಿ ಇಳಿಯಬೇಕು, ಅದು ಘಟ್ಟದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಹಂಗೇರಿಯ ತಾಣದ ಹೆಸರು ನಮ್ಮ ನಾಲಿಗೆಗೆ ಹೊರಳುವಂಥದ್ದಲ್ಲ: ನೆಮ್ಝೆತಿ ಊತ್‌ದೀಯ್ ಡಾಟ್ ಎಚ್‌ಯು. ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಎಂ1ರಲ್ಲಿ ಹೋಗಲು ಇದು ಬೇಕು. ಇಲ್ಲೂ ವರ್ಗವೇ ಮುಖ್ಯ. ಡಿ1 ಅಂದರೆ ಚಾಲಕನೂ ಸೇರಿ ಏಳು ಜನರವರೆಗಿನ ಕಾರು. ಎಂಟು ಒಂಬತ್ತು ಸೀಟಿನ ವ್ಯಾನ್ ಡಿ2. ಕೂತವರ ತಲೆಯೆಣಿಕೆ ಅಲ್ಲ, ದಾಖಲೆಯಲ್ಲಿರುವ ಸೀಟಿನ ಎಣಿಕೆ. ಒಂದು ದಿನದ ಪಾಸ್ 2024ರಲ್ಲಿ ಬಂತು, ಆದರೆ ಅದಕ್ಕೂ ಹತ್ತು ದಿನದ್ದಕ್ಕೂ ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲದ ಕಾರಣ ಹತ್ತು ದಿನದ್ದು ಕೊಳ್ಳುವುದೇ ಜಾಣತನ. ಇಡೀ ದೇಶದ ಪಾಸ್, ಒಂದೊಂದು ಜಿಲ್ಲೆಯ ಪಾಸ್ ಎಂದು ಎರಡು ಸಾಲು ಬರುತ್ತವೆ. ಜಿಲ್ಲೆಯದು ವಾರ್ಷಿಕ, ಅಲ್ಲೇ ವಾಸಿಸುವವರಿಗೆ ಹೊಂದುವಂಥದ್ದು. ಪ್ರವಾಸಿಗರು ಆ ಸಾಲಿನ ಕಡೆ ಹೋಗುವುದೇ ಬೇಡ.

ಜೆಕ್ ಗಣರಾಜ್ಯದ ಎದಾಲ್ನಿತ್ಸೆ ಡಾಟ್ ಸಿಝಡ್ 2021ರ ಜನವರಿ 1ರಿಂದ ನಡೆಯುತ್ತಿದೆ. 2025ರಲ್ಲಿ 1 ದಿನಕ್ಕೆ 210 ಕೊರುನಾ, 10 ದಿನಕ್ಕೆ 290. ತಾಣ ಚೊಕ್ಕವಾಗಿದೆ, ಪಾಸ್ ಇದೆಯೋ ಇಲ್ಲವೋ ನೋಡುವ ಪುಟವೂ ಉಂಟು. ಸ್ಲೊವಾಕಿಯಾದ್ದು ಎಜ್ನಾಮ್ಕಾ ಡಾಟ್ ಎಸ್‌ಕೆ, ಹೆಚ್ಚುಕಡಿಮೆ ಅದೇ ಕ್ರಮ.

ನಂಬರ್ ಹಾಕುವ ಬಗೆ

ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಈ ಒಂದು ಪೆಟ್ಟಿಗೆಯಲ್ಲಿ, ಹಾಗಾಗಿ ಇಲ್ಲಿ ಅವಸರ ಬೇಡ.

ನೋಂದಣಿ ದೇಶ ಅಂದರೆ ಪ್ಲೇಟಿನ ಎಡಗಡೆ ನೀಲಿ ಪಟ್ಟಿಯಲ್ಲಿರುವ ಅಕ್ಷರ. ಡಿ ಇದ್ದರೆ ಜರ್ಮನಿ, ಎ ಇದ್ದರೆ ಆಸ್ಟ್ರಿಯಾ, ಐ ಇದ್ದರೆ ಇಟಲಿ, ಎಫ್ ಇದ್ದರೆ ಫ್ರಾನ್ಸ್. ಕಾರು ಪ್ರಾಗ್‌ನಲ್ಲಿ ಹತ್ತಿದ್ದಾದರೂ ಪ್ಲೇಟು ಜರ್ಮನಿಯದಿರಬಹುದು. ನಿಂತ ದೇಶವಲ್ಲ, ಪ್ಲೇಟಿನ ದೇಶ ಆರಿಸಬೇಕು. ಪಟ್ಟಿಯಲ್ಲಿ ಭಾರತ ಇರಬಹುದು, ಕೈತಪ್ಪಿ ಅದನ್ನು ಒತ್ತಬೇಡಿ. ಕೇಳುತ್ತಿರುವುದು ಕಾರಿನ ದೇಶ, ನಿಮ್ಮದಲ್ಲ.

ಜರ್ಮನ್ ಪ್ಲೇಟಿನಲ್ಲಿ ಮೊದಲು ಊರಿನ ಒಂದರಿಂದ ಮೂರು ಅಕ್ಷರ, ನಡುವೆ ದುಂಡಗಿನ ಮುದ್ರೆ, ಆಮೇಲೆ ಒಂದೆರಡು ಅಕ್ಷರ, ಕೊನೆಗೆ ಅಂಕೆ. ಮುದ್ರೆಯನ್ನು ಅಕ್ಷರ ಎಂದು ಎಣಿಸಬಾರದು. ಅಕ್ಷರದ ಓ ಮತ್ತು ಸೊನ್ನೆಯ ಗೊಂದಲ ಬಂದರೆ ಜಾಗ ನೋಡಿ: ಅಂಕೆಗಳ ಸಾಲಿನಲ್ಲಿದ್ದರೆ ಸೊನ್ನೆ, ಅದಕ್ಕೂ ಮುಂಚೆ ಇದ್ದರೆ ಅಕ್ಷರ. ಊರಿನ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇದ್ದರೆ ಆಸ್ಟ್ರಿಯಾದ ತಾಣದಲ್ಲಿ ಆ ಚುಕ್ಕಿಯನ್ನೂ ಹಾಕಬೇಕು, ಉಳಿದ ತಾಣಗಳಲ್ಲಿ ಅಲ್ಲಿನ ಸೂಚನೆ ನೋಡಿ ಹಾಕಿ. ಫೋನಿನ ಕೀಬೋರ್ಡಿನಲ್ಲಿ ಯು, ಓ ಅಥವಾ ಎ ಅಕ್ಷರವನ್ನು ಒತ್ತಿ ಹಿಡಿದರೆ ಚುಕ್ಕಿಯ ಅಕ್ಷರಗಳು ಮೇಲೆ ತೆರೆದುಕೊಳ್ಳುತ್ತವೆ. ಚುಕ್ಕಿ ಇರುವ ಊರು ಬೇರೆ, ಇಲ್ಲದ ಊರು ಬೇರೆ, ಎರಡೂ ಬೇರೆ ಬೇರೆ ಕಾರು. ಎಲೆಕ್ಟ್ರಿಕ್ ಕಾರಿನ ಅಂಕೆಗಳ ಕೊನೆಗೆ ಇ ಅಕ್ಷರ ಇರುತ್ತದೆ, ಅದೂ ನಂಬರಿನ ಭಾಗವೇ.

ಪ್ಲೇಟಿನ ಫೋಟೋ ತೆಗೆದು, ಬಾಡಿಗೆ ಕರಾರಿನಲ್ಲಿ ಅಚ್ಚಾದ ನಂಬರಿನ ಜೊತೆ ತಾಳೆ ನೋಡಿ, ಆಮೇಲೆ ಟೈಪ್ ಮಾಡಿ. ಒಬ್ಬರು ಓದಲಿ, ಒಬ್ಬರು ಬರೆಯಲಿ. ದಾರಿಯಲ್ಲಿ ಕಾರು ಕೆಟ್ಟು ಬದಲಿ ಕಾರು ಕೊಟ್ಟರೆ ಪಾಸ್ ಅದರ ಜೊತೆ ಬರುವುದಿಲ್ಲ. ಹೊಸ ನಂಬರಿಗೆ ಹೊಸ ಪಾಸ್ ಬೇಕು, ರಸೀದಿ ಇಟ್ಟುಕೊಂಡು ಆ ಖರ್ಚನ್ನು ಬಾಡಿಗೆಯವರ ಹತ್ತಿರ ಕೇಳಿ.

ಊರಿನಿಂದಲೇ ಕೊಳ್ಳುವವರು ಗಡಿಯಾರದ ಕಡೆಯೂ ನೋಡಬೇಕು. ಮಧ್ಯ ಯುರೋಪು ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಸಾಗರದಲ್ಲಿ ರಾತ್ರಿ ಒಂದು ಗಂಟೆಗೆ ಕೂತು ಮಗನ ಕಾರಿಗೆ ‘ಇವತ್ತಿನಿಂದ’ ಎಂದು ಪಾಸ್ ಕೊಂಡರೆ ಅಲ್ಲಿ ಇನ್ನೂ ಹಿಂದಿನ ದಿನ, ಒಂದು ದಿನ ಪುಕ್ಕಟೆ ಕರಗುತ್ತದೆ.

ದಲ್ಲಾಳಿ ತಾಣಗಳು

ಗೂಗಲ್‌ನಲ್ಲಿ ಪಾಸಿನ ಹೆಸರು ಹಾಕಿ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳು ಬಹುಪಾಲು ಮರುಮಾರಾಟಗಾರರವು. ದೇಶದ ಬಾವುಟ, ಹೆದ್ದಾರಿಯ ಚಿತ್ರ, ಅಚ್ಚುಕಟ್ಟಾದ ಇಂಗ್ಲಿಷ್, ಎಲ್ಲ ಸರ್ಕಾರಿಯದೇ ಅನ್ನಿಸುವ ಹಾಗಿರುತ್ತವೆ. ಎಲ್ಲವೂ ಮೋಸ ಎಂದಲ್ಲ, ಪಾಸ್ ಕೊಡುವವರೂ ಇದ್ದಾರೆ. ಆದರೆ ಕೊಡುವುದು ನೀವೇ ಐದು ನಿಮಿಷದಲ್ಲಿ ಕೊಳ್ಳಬಹುದಾದ ಅದೇ ಪಾಸ್, ಮೇಲೆ ಸೇವಾ ಶುಲ್ಕ. ನಂಬರ್ ತಪ್ಪಾದಾಗ ಸರ್ಕಾರಿ ತಾಣಕ್ಕೆ ಬರೆದರೆ ನೀವು ಅವರ ಗಿರಾಕಿಯಲ್ಲ, ದಲ್ಲಾಳಿಗೆ ಬರೆದರೆ ಉತ್ತರ ತಡ. ಆ ಹೊತ್ತಿಗೆ ಕಾರು ಗಡಿ ದಾಟಿರುತ್ತದೆ.

ಗುರುತು ಹಿಡಿಯಲು ದರವೇ ಸಾಕು. ಆಸ್ಟ್ರಿಯಾದ ಹತ್ತು ದಿನಕ್ಕೆ 12.80ರ ಬದಲು 20 ಯೂರೋ ತೋರಿಸಿದರೆ, ಸ್ವಿಸ್ ಪಾಸಿಗೆ 40 ಫ್ರಾಂಕ್‌ಗಿಂತ ಒಂದು ಪೈಸೆ ಹೆಚ್ಚು ಕೇಳಿದರೆ, ಪುಟ ಮುಚ್ಚಿ. ವಿಳಾಸವನ್ನು ಹುಡುಕದೆ ನೇರವಾಗಿ ಟೈಪ್ ಮಾಡುವುದು ಇನ್ನೂ ಒಳ್ಳೆಯದು. ಊರಿನ ಟ್ರಾವೆಲ್ ಏಜೆಂಟರಿಗೆ ಪ್ರವಾಸ ಒಪ್ಪಿಸಿದ್ದರೆ ಪಾಸನ್ನು ಅದರಿಂದ ಹೊರಗಿಡಿ. ಅವರ ಬಳಿಯೂ ಕಾರಿನ ನಂಬರ್ ಇರುವುದಿಲ್ಲ.

ಕಾರ್ಡು, ಒಟಿಪಿ, ಮಲೆನಾಡಿನ ಟವರು

ಯುಪಿಐ ಈ ತಾಣಗಳಲ್ಲಿ ನಡೆಯುವುದಿಲ್ಲ. ರೂಪೇ ಕಾರ್ಡನ್ನು ನೆಚ್ಚಿ ಹೊರಡಬೇಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಂದಿರಲಿ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ಆನ್‌ಲೈನ್ ಬಳಕೆ ಮುಚ್ಚಿಯೇ ಬರುತ್ತವೆ. ಬ್ಯಾಂಕಿನ ಆಪ್‌ನಲ್ಲಿ ಎರಡನ್ನೂ ತೆರೆಯಬೇಕು, ಮಿತಿಯನ್ನೂ ಇಡಬೇಕು. ‘ಕಾರ್ಡ್ ತಿರಸ್ಕೃತ’ ಎಂದು ಬಂದರೆ ತಾಣವನ್ನು ಬೈಯುವ ಮುಂಚೆ ಇದನ್ನು ನೋಡಿ, ಕಾರಣ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಬಹಳಷ್ಟು ಬ್ಯಾಂಕುಗಳು ವಿದೇಶಿ ಖರೀದಿಗೆ ಶೇಕಡಾ 3.5 ಹಾಕಿ, ಅದರ ಮೇಲೆ 18 ಜಿಎಸ್‌ಟಿ ಸೇರಿಸುತ್ತವೆ, ಒಟ್ಟು 4.13. ಹನ್ನೆರಡು ಯೂರೋಕ್ಕೆ ಅದು ಐವತ್ತು ಅರವತ್ತು ರೂಪಾಯಿ, ತಲೆಕೆಡಿಸಿಕೊಳ್ಳುವ ಮೊತ್ತವಲ್ಲ. ಪಾವತಿ ಪುಟ ರೂಪಾಯಿಯಲ್ಲೇ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ ಅನ್ನಿ, ಅವರ ವಿನಿಮಯ ದರ ಇನ್ನೂ ದುಬಾರಿ.

ಒಟಿಪಿ ಬೇರೆ ಸಮಸ್ಯೆ. ಅಲ್ಲಿ ಇಳಿದ ಕೂಡಲೇ ಭಾರತದ ಸಿಮ್ ತೆಗೆದು ಸ್ಥಳೀಯ ಸಿಮ್ ಹಾಕಿದರೆ ಒಟಿಪಿ ಬರುವ ದಾರಿಯೇ ಮುಚ್ಚಿತು. ಇಲ್ಲಿಂದಲೇ ರೋಮಿಂಗ್ ಚಾಲೂ ಮಾಡಿಸಿಕೊಂಡು ಹೋಗಿ, ಆ ಸಿಮ್ಮಿನ ಡೇಟಾ ಆರಿಸಿಟ್ಟು ಮೆಸೇಜಿಗೆ ಮಾತ್ರ ಜೀವಂತ ಇಡಿ. ಊರಿನಿಂದ ಕೊಳ್ಳುವವರ ಕಷ್ಟ ಇನ್ನೊಂದು ಬಗೆಯದು. ಆಗುಂಬೆ, ನಗರ, ಕಾರ್ಗಲ್ ಕಡೆಯ ಎಷ್ಟೋ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಓಡುತ್ತಿರುತ್ತದೆ, ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರೂ ಮಲಗಿದರೆ ತಾಣದ ಪುಟ ತೆರೆದೇ ಇರುತ್ತದೆ, ಒಟಿಪಿ ಮಾತ್ರ ಬರುವುದಿಲ್ಲ, ಕೆಲವು ನಿಮಿಷಕ್ಕೆ ಪಾವತಿ ಕಡಿದುಹೋಗುತ್ತದೆ. ಬ್ಯಾಂಕಿನ ಆಪ್‌ನಲ್ಲೇ ಒಪ್ಪಿಗೆ ಒತ್ತುವ ಸೌಲಭ್ಯ ಇರುವ ಕಾರ್ಡಾದರೆ ವೈಫೈ ಸಾಕು. ಇಲ್ಲವೇ ಅಲ್ಲಿರುವ ಮಕ್ಕಳೇ ಅವರ ಕಾರ್ಡಿನಲ್ಲಿ ಕೊಳ್ಳಲಿ, ಹೆಸರು ಹೊಂದಬೇಕಿಲ್ಲ. ಪಾವತಿ ನಡುವೆ ಕಡಿದುಹೋದರೆ ಕೂಡಲೇ ಇನ್ನೊಮ್ಮೆ ಕಟ್ಟಬೇಡಿ. ಮೊದಲು ಇಮೇಲ್ ನೋಡಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ ತೆರೆದು ನೋಡಿ, ಆಮೇಲೆ ತಾಣದಲ್ಲಿ ನಂಬರ್ ಹಾಕಿ ಪಾಸ್ ಕೂತಿದೆಯೇ ಪರೀಕ್ಷಿಸಿ.

ಗೇಟು ಇರುವ ಇಟಲಿ, ಗೇಟು ತೆಗೆದ ಫ್ರಾನ್ಸ್

ಇಟಲಿಯಲ್ಲಿ ಪ್ರವಾಸಿಗರಿಗೆ ಪಾಸ್ ಇಲ್ಲ. ಹತ್ತುವಾಗ ಚೀಟಿ, ಇಳಿಯುವಾಗ ದುಡ್ಡು. ಫಾಸ್ಟ್ಯಾಗ್ ಅಭ್ಯಾಸದಲ್ಲಿ ಖಾಲಿ ಸಾಲು ಕಂಡು ಹಳದಿ ಟಿ ಗುರುತಿನ ಸಾಲಿಗೆ ನುಗ್ಗಬೇಡಿ, ಅದು ಟೆಲಿಪಾಸ್ ಯಂತ್ರ ಇಟ್ಟುಕೊಂಡವರದು. ನೀಲಿ ಸಾಲು ಕಾರ್ಡಿಗೆ, ಬಿಳಿ ಸಾಲು ನಗದಿಗೆ. ಕಾರ್ಡು ಒಪ್ಪದಿದ್ದರೆ ಹಿಂದಕ್ಕೆ ತೆಗೆಯಬಾರದು, ಸಹಾಯದ ಗುಂಡಿ ಒತ್ತಿ. ಯಂತ್ರ ಕೊಡುವ ಬಾಕಿ ಚೀಟಿ ಹಿಡಿದು 15 ದಿನದೊಳಗೆ ಆನ್‌ಲೈನಿನಲ್ಲಿ ಕಟ್ಟಬಹುದು. ಮಿಲಾನ್ ಬಡಗಣ ಪೆದೆಮೊಂತಾನಾ ರಸ್ತೆಯಲ್ಲಿ ಗೇಟೇ ಇಲ್ಲ, ಅಲ್ಲೂ 15 ದಿನ.

ಫ್ರಾನ್ಸಿನಲ್ಲಿ ಪ್ಯಾರಿಸ್‌ನಿಂದ ನಾರ್ಮಂಡಿ ಕಡೆಯ ಎ13, ಎ14ರ ಗೇಟುಗಳನ್ನು ತೆಗೆದಿದ್ದಾರೆ. ದಾಟಿದ 72 ಗಂಟೆಯೊಳಗೆ ಸನೆಫ್ ಡಾಟ್ ಕಾಮ್‌ನಲ್ಲಿ ನಂಬರ್ ಹಾಕಿ ಕಟ್ಟಬೇಕು. ಗೇಟಿಲ್ಲವಲ್ಲ, ಪುಕ್ಕಟೆ ರಸ್ತೆ ಎಂದುಕೊಂಡು ಹೋದವರಿಗೆ ದಂಡದ ಕಾಗದವೇ ಮೊದಲ ಸುದ್ದಿ. ಲಂಡನ್ ಪಕ್ಕದ ಡಾರ್ಟ್‌ಫರ್ಡ್ ದಾಟುವುದೂ ಹೀಗೇ. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಶುಲ್ಕ, 2025ರ ಸೆಪ್ಟೆಂಬರ್‌ನಿಂದ ಕಾರಿಗೆ 3.50 ಪೌಂಡ್, ಕಟ್ಟಲು ಮರುದಿನದ ಮಧ್ಯರಾತ್ರಿವರೆಗೆ ಸಮಯ. ಡಬ್ಲಿನ್‌ನ ಎಂ50ಕ್ಕೆ ಮರುದಿನ ರಾತ್ರಿ 8.

ಊರಿಗೆ ಬಂದ ಮೇಲೆ

ದಂಡದ ಕಾಗದ ಮೊದಲು ಹೋಗುವುದು ಬಾಡಿಗೆ ಕಂಪನಿಗೆ. ಅವರು ನಿಮ್ಮ ವಿಳಾಸ ಕೊಟ್ಟು, ಆ ಕೆಲಸಕ್ಕೆಂದೇ ನಿಮ್ಮ ಕಾರ್ಡಿನಿಂದ ಒಂದು ಶುಲ್ಕ ಕಡಿಯುತ್ತಾರೆ. ಅದು ದಂಡವಲ್ಲ, ವಿಳಾಸ ಕೊಟ್ಟದ್ದರ ಕೂಲಿ. ದಂಡ ಪ್ರತ್ಯೇಕ ಬರುತ್ತದೆ, ತಿಂಗಳುಗಳೇ ಆಗಬಹುದು. ಒಂದು ಕಟ್ಟಿದೆವು, ಮುಗಿಯಿತು ಎಂದು ಎರಡನೆಯದನ್ನು ಬದಿಗಿಟ್ಟರೆ ಮೊತ್ತ ಏರುತ್ತದೆ. ಪಾಸ್ ಸರಿಯಾಗಿ ಕೊಂಡಿದ್ದರೆ ದೃಢೀಕರಣದ ಪಿಡಿಎಫ್, ಪ್ಲೇಟಿನ ಫೋಟೋ, ಬಾಡಿಗೆ ಕರಾರು ಮೂರನ್ನೂ ಸೇರಿಸಿ ಕಾಗದದಲ್ಲಿರುವ ವಿಳಾಸಕ್ಕೆ ಇಮೇಲ್ ಮಾಡಿ. ಕಾರು ವಾಪಸ್ ಕೊಟ್ಟ ಸಮಯ ಕರಾರಿನಲ್ಲಿ ಬರೆಸಿಕೊಂಡಿರಬೇಕು, ಆಮೇಲೆ ಹತ್ತಿದ ಇನ್ನೊಬ್ಬರ ದಂಡ ನಿಮ್ಮ ತಲೆಗೆ ಬರದಿರಲು ಅದೇ ಸಾಕ್ಷಿ. ಹಂಗೇರಿ ತನ್ನ ಪಾಸಿನ ರಸೀದಿಯನ್ನು ಎರಡು ವರ್ಷ ಇಟ್ಟುಕೊಳ್ಳಿ ಎನ್ನುತ್ತದೆ. ಎಲ್ಲ ದೇಶದ್ದನ್ನೂ ಅಷ್ಟೇ ಕಾಲ, ಒಂದೇ ಫೋಲ್ಡರಿನಲ್ಲಿ, ಫೋನಿನಲ್ಲಲ್ಲದೆ ಇಮೇಲ್‌ನಲ್ಲೂ ಇಡಿ.